ಅಂಗಡಿಯಲ್ಲಿ ಸಿಗುವ ಅಂಚುಪಟ್ಟಿಯನ್ನೇ ಏಕೆ ಹಾಕಬಾರದು?

ಕಾಸು ಹಾಕಿ ಆಡುವ ಹಳೆಯ ಆರ್ಕೇಡ್ ವಿಡಿಯೊ ಆಟದ ಯಂತ್ರಗಳನ್ನು ದುರಸ್ತಿ ಮಾಡುವುದು ನನ್ನ ಹವ್ಯಾಸವೆಂದು ತಿಳಿದವರು, ಅದರಲ್ಲೂ ಇಲ್ಲಿ ಕ್ಯಾಲಿಫೋರ್ನಿಯದ ಸನ್ನಿವೇಲ್ ಸುತ್ತಮುತ್ತ ಇರುವ ಕನ್ನಡದ ಗೆಳೆಯರು, ಒಂದು ಪ್ರಶ್ನೆಯನ್ನು ತಪ್ಪದೆ ಕೇಳುತ್ತಾರೆ. ಯಂತ್ರದ ಮರದ ಅಂಚಿಗೆ ಹೊಡೆಯುವ ಪ್ಲಾಸ್ಟಿಕ್ ಪಟ್ಟಿ ಬೇಕಾದಷ್ಟು ಮಾರಾಟಕ್ಕೆ ಸಿಗುತ್ತದೆ. ಹಾಗಿರುವಾಗ ಬೇರೆ ಬೇರೆ ಊರುಗಳ ಜನ ಒಟ್ಟು ಸೇರಿ, ಮುಂಗಡ ಹಣ ಕಟ್ಟಿ, ತಿಂಗಳುಗಟ್ಟಲೆ ಕಾದು, ಕಾರ್ಖಾನೆಯಲ್ಲಿ ಹೊಸ ಅಚ್ಚು ಕೊರೆಸಿ ಅಂಥದ್ದೇ ಪಟ್ಟಿಯನ್ನು ಮತ್ತೆ ಮಾಡಿಸುವುದು ಏಕೆ? ಪ್ರಶ್ನೆ ನ್ಯಾಯವಾದದ್ದೇ. ಪ್ರತಿ ಸಲವೂ ಅರ್ಧಂಬರ್ಧ ಹೇಳುವ ಬದಲು ಇಲ್ಲಿ ಒಮ್ಮೆ ಪೂರ್ತಿಯಾಗಿ ಉತ್ತರಿಸುತ್ತೇನೆ.

ಮೊದಲು ವಸ್ತುವಿನ ಪರಿಚಯ ಆಗಬೇಕು. 1970 ಮತ್ತು 80ರ ದಶಕಗಳ ಆರ್ಕೇಡ್ ಯಂತ್ರಗಳ ಪೆಟ್ಟಿಗೆಗಳನ್ನು ಹೆಚ್ಚಾಗಿ ಪ್ಲೈವುಡ್ ಇಲ್ಲವೇ ಪಾರ್ಟಿಕಲ್ ಬೋರ್ಡ್‌ನಿಂದ ಮಾಡುತ್ತಿದ್ದರು. ಕತ್ತರಿಸಿದ ಹಲಗೆಯ ಅಂಚು ನೋಡಲು ಒರಟು, ಮುಟ್ಟಿದರೆ ಸಿಬಿರು ಏಳುತ್ತದೆ, ಸ್ವಲ್ಪ ಪೆಟ್ಟು ಬಿದ್ದರೂ ಉದುರುತ್ತದೆ. ಅದನ್ನು ಮುಚ್ಚಲು ಟಿ-ಮೋಲ್ಡಿಂಗ್ ಎಂಬ ಪಟ್ಟಿಯನ್ನು ಬಳಸುತ್ತಾರೆ. ಅಡ್ಡವಾಗಿ ಕತ್ತರಿಸಿ ನೋಡಿದರೆ ಅದರ ಆಕಾರ ಇಂಗ್ಲಿಷಿನ ಟಿ ಅಕ್ಷರದಂತಿರುತ್ತದೆ: ಮೇಲಿನ ಅಗಲವಾದ ಭಾಗ ಹಲಗೆಯ ಅಂಚನ್ನು ಮುಚ್ಚುತ್ತದೆ, ಕೆಳಗಿನ ತೆಳುವಾದ ಬೆನ್ನು ಅಂಚಿನ ನಡುವೆ ಮರ ಕೊರೆಯುವ ರೌಟರ್‌ನಿಂದ ಕೊರೆದ ತೋಡಿನೊಳಗೆ ಇಳಿಯುತ್ತದೆ. ಬೆನ್ನಿನ ಎರಡೂ ಬದಿಗೆ ಹಿಂದಕ್ಕೆ ಬಾಗಿದ ಸಣ್ಣ ಮುಳ್ಳುಗಳಿರುವುದರಿಂದ ರಬ್ಬರ್ ಸುತ್ತಿಗೆಯಿಂದ ಬಡಿದರೆ ಪಟ್ಟಿ ಸುಲಭವಾಗಿ ಒಳಗೆ ಹೋಗುತ್ತದೆ, ಆದರೆ ಎಳೆದರೆ ಅಷ್ಟು ಸುಲಭವಾಗಿ ಹೊರಗೆ ಬರುವುದಿಲ್ಲ. ಮುಕ್ಕಾಲು ಇಂಚಿನ, ಅಂದರೆ 19 ಮಿಲಿಮೀಟರ್ ದಪ್ಪದ ಹಲಗೆಗೆ ಒಂದು ಅಗಲ, 16 ಮಿಲಿಮೀಟರಿನ ಹಲಗೆಗೆ ಇನ್ನೊಂದು. ನಿಂತು ಆಡುವ ಒಂದು ಯಂತ್ರಕ್ಕೆ ಸಾಮಾನ್ಯವಾಗಿ 20 ಅಡಿಯಷ್ಟು ಪಟ್ಟಿ ಬೇಕು.

ನಾನು ವಾಸಿಸುವ ಊರಿಗೂ ಈ ವಸ್ತುವಿಗೂ ಹತ್ತಿರದ ನಂಟಿದೆ. ಕಾಸು ಹಾಕಿ ಆಡುವ ಮೊದಲ ವಿಡಿಯೊ ಆಟಗಳಲ್ಲಿ ಒಂದಾದ ಕಂಪ್ಯೂಟರ್ ಸ್ಪೇಸ್ 1971ರಲ್ಲಿ ಪಕ್ಕದ ಮೌಂಟನ್ ವ್ಯೂನಲ್ಲಿದ್ದ ಕಂಪನಿ ನಟಿಂಗ್ ಅಸೋಸಿಯೇಟ್ಸ್‌ನಿಂದ ಹೊರಬಂತು. ಅದರ ಮೈ ಫೈಬರ್‌ಗ್ಲಾಸಿನದು, ಆದ್ದರಿಂದ ಅಂಚುಪಟ್ಟಿಯ ಮಾತೇ ಇರಲಿಲ್ಲ. ಅದನ್ನು ರೂಪಿಸಿದ ನೋಲನ್ ಬುಶ್ನೆಲ್ ಮತ್ತು ಟೆಡ್ ಡ್ಯಾಬ್ನಿ 1972ರಲ್ಲಿ ಅಟಾರಿ ಎಂಬ ಕಂಪನಿಯನ್ನು ಕಟ್ಟಿದರು, ಪಾಂಗ್ ಆಟದ ಮೊದಲ ಯಂತ್ರವನ್ನು ಸನ್ನಿವೇಲ್‌ನ ಒಂದು ಮದ್ಯದಂಗಡಿಯಲ್ಲಿ ಇಟ್ಟು ನೋಡಿದರು. 1979ರ ಆಸ್ಟರಾಯ್ಡ್ಸ್ ಆಟ ಬರುವ ಹೊತ್ತಿಗೆ ಅಟಾರಿ ಒಂದೇ ಆಟದ ಸುಮಾರು 70 ಸಾವಿರ ಯಂತ್ರಗಳನ್ನು ಮಾರುವಷ್ಟು ಬೆಳೆದಿತ್ತು. ಅಷ್ಟು ಯಂತ್ರಗಳಿಗೆ ಬೇಕಾದ ಪಟ್ಟಿ ಎಷ್ಟು ಮೈಲಿ ಉದ್ದವಾದೀತು ಎಂದು ಯೋಚಿಸಿದರೆ, ಅಂದು ಇದು ಯಾರೂ ಕೂಡಿಡಬೇಕೆಂದು ಭಾವಿಸದ ಅಗ್ಗದ ಸರಕಾಗಿತ್ತು ಎಂಬುದು ಅರ್ಥವಾಗುತ್ತದೆ. ವಿಡಿಯೊ ಆಟಗಳ ಮಾರುಕಟ್ಟೆಯ 1983ರ ಕುಸಿತದ ನಂತರ ಕಂಪನಿ ಒಡೆಯಿತು, 1984ರಲ್ಲಿ ಮನೆಬಳಕೆಯ ವಿಭಾಗ ಬೇರೆಯವರ ಪಾಲಾಯಿತು, ಆರ್ಕೇಡ್ ವಿಭಾಗ ಅಟಾರಿ ಗೇಮ್ಸ್ ಎಂಬ ಹೆಸರಿನಲ್ಲಿ ಕೈಯಿಂದ ಕೈಗೆ ದಾಟಿ ಕೊನೆಗೆ 2003ರಲ್ಲಿ ಮುಚ್ಚಿತು. ಆಟದ ಸರ್ಕ್ಯೂಟ್ ನಕ್ಷೆಗಳನ್ನು ಜನ ಜೋಪಾನ ಮಾಡಿದ್ದಾರೆ, ಕೈಪಿಡಿಗಳು ಸಿಗುತ್ತವೆ. ಅಂಚುಪಟ್ಟಿಯ ಅಚ್ಚನ್ನು ಮಾತ್ರ ಯಾರೂ ಎತ್ತಿಟ್ಟುಕೊಳ್ಳಲಿಲ್ಲ.

ಈಗ ಸಿಗುವ ಪಟ್ಟಿಗೂ ಹಳೆಯದಕ್ಕೂ ಏನು ವ್ಯತ್ಯಾಸ ಎಂದರೆ, ಎರಡು ತುಂಡುಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು, ದೀಪವನ್ನು ಮೇಲಿನಿಂದ ಹಿಡಿಯದೆ ಓರೆಯಾಗಿ ಹಿಡಿದು ನೋಡಬೇಕು. ಅಟಾರಿಯ ಅನೇಕ ಯಂತ್ರಗಳ ಕಪ್ಪು ಪಟ್ಟಿಯ ಮೇಲ್ಮೈ ನುಣುಪಾಗಿಲ್ಲ. ಚರ್ಮದ ಮೇಲಿರುವಂತಹ ಸಣ್ಣ ಗೆರೆ, ಉಬ್ಬುತಗ್ಗುಗಳು ಅದರಲ್ಲಿವೆ. ಓರೆ ಬೆಳಕಿನಲ್ಲಿ ಆ ಉಬ್ಬುಗಳ ಒಂದು ಬದಿ ಮಾತ್ರ ಹೊಳೆಯುತ್ತದೆ, ಇಡೀ ಪಟ್ಟಿ ಮಂದವಾಗಿ ಕಾಣುತ್ತದೆ. ನುಣುಪಾದ ಹೊಸ ಪಟ್ಟಿಯ ಮೇಲೆ ಅದೇ ಬೆಳಕು ಉದ್ದಕ್ಕೂ ಒಂದು ಬಿಳಿ ಗೆರೆಯಾಗಿ ಓಡುತ್ತದೆ. ಕತ್ತಲೆಯ ಕೋಣೆಯಲ್ಲಿ ಪರದೆಯ ಬೆಳಕೊಂದೇ ಇರುವಾಗ ಈ ವ್ಯತ್ಯಾಸ ಇನ್ನೂ ಎದ್ದು ಕಾಣುತ್ತದೆ. ಇನ್ನು ಅಡ್ಡಸೀಳನ್ನು ನೋಡಿದರೆ ಮೇಲ್ಭಾಗ ಚಪ್ಪಟೆಯೋ ಸ್ವಲ್ಪ ಗುಮ್ಮಟವೋ, ಎರಡು ತುದಿಗಳು ಹಲಗೆಯ ಮೇಲೆ ಎಷ್ಟು ಕೂರುತ್ತವೆ, ಬೆನ್ನು ಸರಿಯಾಗಿ ನಡುವೆ ಇದೆಯೋ ಒಂದು ಬದಿಗೆ ಸರಿದಿದೆಯೋ, ಮುಳ್ಳುಗಳ ಸಾಲು ಎಷ್ಟು ಎಂಬ ಪ್ರತಿಯೊಂದರಲ್ಲೂ ತಯಾರಕರಿಂದ ತಯಾರಕರಿಗೆ ವ್ಯತ್ಯಾಸವಿದೆ. ಬೆನ್ನು ಒಂದು ಮಿಲಿಮೀಟರ್ ಬದಿಗೆ ಸರಿದಿದ್ದರೂ ಪಟ್ಟಿಯ ಒಂದು ತುದಿ ಹಲಗೆಯಿಂದ ಹೊರಕ್ಕೆ ಚಾಚುತ್ತದೆ, ಇನ್ನೊಂದು ಕಡೆ ಹಲಗೆಯ ಅಂಚು ಇಣುಕುತ್ತದೆ.

ಇಷ್ಟು ಸಣ್ಣ ವ್ಯತ್ಯಾಸಕ್ಕೆ ಇಷ್ಟು ಶ್ರಮವೇ ಎಂದು ಕೇಳುವವರಿಗೆ ನಾನು ಹೇಳುವುದಿಷ್ಟು. ಒಂದು ಯಂತ್ರಕ್ಕೆ ಬೇರೆ ಪಟ್ಟಿ ಹಾಕಿದರೆ ಆಟಕ್ಕೆ ಏನೂ ಆಗುವುದಿಲ್ಲ, ಅದು ಮಾಲೀಕರ ಸ್ವಂತ ನಿರ್ಧಾರ. ಆದರೆ ದುರಸ್ತಿ ಮಾಡುವವರೆಲ್ಲರೂ ಬೇರೆಯವರು ದುರಸ್ತಿ ಮಾಡಿದ ಯಂತ್ರಗಳ ಚಿತ್ರಗಳನ್ನು ನೋಡಿಯೇ ಕೆಲಸ ಕಲಿಯುತ್ತಾರೆ. ಚೆನ್ನಾಗಿ ಹೊಳೆಯುವ, ಹೊಸದಾಗಿ ಬಣ್ಣ ಕಂಡ ಯಂತ್ರದ ಚಿತ್ರವೇ ಹೆಚ್ಚು ಹರಡುತ್ತದೆ. ಅದರಲ್ಲಿ ನುಣುಪಾದ ಪಟ್ಟಿ ಇದ್ದರೆ ಮುಂದಿನವರು ಅದನ್ನೇ ಮೂಲವೆಂದು ತಿಳಿಯುತ್ತಾರೆ. ಹಳೆಯ ಪಟ್ಟಿ ಇನ್ನೂ ಇರುವ ಯಂತ್ರಗಳು ಒಂದೊಂದಾಗಿ ದುರಸ್ತಿಯಾಗುತ್ತ ಹೋದಂತೆ ಕಿತ್ತ ಪಟ್ಟಿ ಕಸಕ್ಕೆ ಸೇರುತ್ತದೆ. ಹೀಗೆಯೇ ಹೋದರೆ ಮೂಲ ಹೇಗಿತ್ತು ಎಂದು ತೋರಿಸಲು ಒಂದು ತುಂಡೂ ಉಳಿಯದ ದಿನ ಬರುತ್ತದೆ, ಆಮೇಲೆ ಎಷ್ಟು ಹಣ ಸುರಿದರೂ ಸರಿಯಾದ ಪಟ್ಟಿಯನ್ನು ಮಾಡಿಸಲಾಗದು. ಅವಸರ ಇರುವುದು ಈ ಕಾರಣಕ್ಕೆ.

ಹಾಗಾದರೆ ಒಬ್ಬರೇ ಏಕೆ ಮಾಡಿಸಬಾರದು ಎಂದರೆ, ಅದಕ್ಕೆ ಎಕ್ಸ್‌ಟ್ರೂಷನ್ ಕೆಲಸದ ರೀತಿಯೇ ಕಾರಣ. ನಮ್ಮ ಚಕ್ಕುಲಿ ಒರಳಿನಲ್ಲಿ ಬಿಲ್ಲೆ ಬದಲಿಸಿದರೆ ಹಿಟ್ಟು ಬೇರೆ ಆಕಾರದಲ್ಲಿ ಬರುವಂತೆ, ಇಲ್ಲಿ ಬಿಸಿ ಕೊಳವೆಯೊಳಗೆ ತಿರುಗುವ ಸ್ಕ್ರೂ ಕರಗಿದ ಪಿವಿಸಿಯನ್ನು ಉಕ್ಕಿನ ಅಚ್ಚಿನ ಮೂಲಕ ಒತ್ತಿ ಹೊರಗೆ ತಳ್ಳುತ್ತದೆ. ಆಮೇಲೆ ಅದು ನೀರಿನ ತೊಟ್ಟಿಯಲ್ಲಿ ತಣ್ಣಗಾಗುತ್ತ, ಎಳೆಯುವ ಯಂತ್ರದ ಮೂಲಕ ಸಾಗಿ ಸುರುಳಿಯಾಗುತ್ತದೆ. ಅಚ್ಚಿನಿಂದ ಹೊರಬಿದ್ದ ಕೂಡಲೇ ಪ್ಲಾಸ್ಟಿಕ್ ಉಬ್ಬುತ್ತದೆ, ಎಳೆದಾಗ ಸಣ್ಣಗಾಗುತ್ತದೆ, ತಣಿದಾಗ ಮತ್ತೆ ಕುಗ್ಗುತ್ತದೆ. ಆದ್ದರಿಂದ ಅಚ್ಚಿನ ಬಾಯಿ ನಮಗೆ ಬೇಕಾದ ಆಕಾರದಲ್ಲಿ ಇರುವಂತಿಲ್ಲ. ಅನುಭವಸ್ಥರು ಅಂದಾಜಿನ ಮೇಲೆ ಕೊರೆದು, ಓಡಿಸಿ ನೋಡಿ, ಮತ್ತೆ ತಿದ್ದುತ್ತಾರೆ. ಚರ್ಮದಂತಹ ಮೇಲ್ಮೈ ಅಚ್ಚಿನಿಂದ ಬರುವುದಿಲ್ಲ, ಅದಕ್ಕೆ ಪಟ್ಟಿ ಇನ್ನೂ ಮೆತ್ತಗಿರುವಾಗ ಒತ್ತುವ ಕೆತ್ತನೆಯ ಉರುಳೆ ಬೇಕು, ಅದು ಬೇರೆ ಖರ್ಚು. ಯಂತ್ರ ಒಂದು ಹದಕ್ಕೆ ಬರುವವರೆಗೆ ಹೊರಬರುವ ಪಟ್ಟಿಯೆಲ್ಲ ವ್ಯರ್ಥ.

ಲೆಕ್ಕ ಹಿಡಿಯಲೆಂದು ಕೆಲವು ಕಲ್ಪಿತ ಅಂಕಿಗಳನ್ನು ಇಟ್ಟುಕೊಳ್ಳೋಣ. ಅಚ್ಚು, ಉರುಳೆ, ಯಂತ್ರದ ಸಿದ್ಧತೆ ಎಲ್ಲ ಸೇರಿ 3,500 ಡಾಲರ್, ಅಡಿಗೆ 20 ಸೆಂಟಿನ ಪ್ಲಾಸ್ಟಿಕ್ ಎಂದಾದರೆ, ಒಂದೇ ಯಂತ್ರದ 20 ಅಡಿಗೆ 3,504 ಡಾಲರ್ ಆಗುತ್ತದೆ. ನೂರು ಯಂತ್ರಗಳವರು ಸೇರಿದರೆ ತಲಾ 39 ಡಾಲರ್. ಕಾರ್ಖಾನೆಯವರೂ ನೂರಿನ್ನೂರು ಅಡಿಗಾಗಿ ತಯಾರಿಕೆಯ ಸಾಲನ್ನು ನಿಲ್ಲಿಸಿ ಅಚ್ಚು ಬದಲಿಸಲು ಒಪ್ಪುವುದಿಲ್ಲ.

ಕೇಳಿದವರು ಸಾಮಾನ್ಯವಾಗಿ ಇಷ್ಟಕ್ಕೆ ಸಮಾಧಾನಗೊಳ್ಳುತ್ತಾರೆ, ಆದರೆ ನನ್ನ ಮಟ್ಟಿಗೆ ಹೆಚ್ಚು ಮುಖ್ಯವಾದ ಕಾರಣ ಹಣವಲ್ಲ. ನೂರು ಜನ ಬೇಕಾಗುವುದು ಮಾದರಿಗಾಗಿ. ನಲವತ್ತು ವರ್ಷ ದಾಟಿದ ಪಿವಿಸಿ ಯಾವುದೂ ಹುಟ್ಟಿದಂತೆ ಉಳಿದಿರುವುದಿಲ್ಲ. ಅದನ್ನು ಮೆತ್ತಗಿಡುವ ಪ್ಲಾಸ್ಟಿಸೈಜರ್ ನಿಧಾನವಾಗಿ ಹೊರಗೆ ಹೋಗುತ್ತದೆ, ಪಟ್ಟಿ ಗಡುಸಾಗಿ ಕುಗ್ಗುತ್ತದೆ. ಹಳೆಯ ಯಂತ್ರಗಳಲ್ಲಿ ಎರಡು ತುದಿಗಳ ನಡುವೆ ಬೆರಳು ಹೋಗುವಷ್ಟು ಸಂದು ಬಿಟ್ಟಿರುವುದು ಹೀಗೆ. ಬಿಸಿಲು ಬಣ್ಣವನ್ನು ತಿನ್ನುತ್ತದೆ, ಸಿಗರೇಟಿನ ಹೊಗೆ ಹಳದಿ ಬಳಿಯುತ್ತದೆ, ಮಂಡಿಯ ಎತ್ತರದಲ್ಲಿ ಸಾವಿರಾರು ಆಟಗಾರರ ಬಟ್ಟೆ ಉಜ್ಜಿ ಕೆತ್ತನೆ ಸವೆದಿರುತ್ತದೆ. ಒಂದೇ ತುಂಡನ್ನು ಅಳೆದು ಅಚ್ಚು ಕೊರೆಸಿದರೆ ಆ ತುಂಡಿನ ಮುಪ್ಪನ್ನೂ ಅಚ್ಚಿಗೆ ಇಳಿಸಿದಂತಾಗುತ್ತದೆ.

ಹಾಗಾಗಿ ಬೇರೆ ಬೇರೆ ಯಂತ್ರಗಳ ತುಂಡುಗಳು ಬೇಕು. ಒಬ್ಬರ ಯಂತ್ರದ ಹಿಂಬದಿ ಗೋಡೆಗೆ ತಾಗಿಕೊಂಡೇ ಇದ್ದುದರಿಂದ ಅಲ್ಲಿನ ಪಟ್ಟಿಯ ಮೇಲ್ಮೈ ಸವೆದಿರುವುದಿಲ್ಲ. ಇನ್ನೊಬ್ಬರ ಯಂತ್ರ ತಂಪಾದ ನೆಲಮಾಳಿಗೆಯಲ್ಲಿ ಇದ್ದುದರಿಂದ ಕುಗ್ಗಿದ್ದು ಕಡಿಮೆ. ಬಣ್ಣದ ವಿಷಯದಲ್ಲಂತೂ ನಂಬಬಹುದಾದ ಸಾಕ್ಷಿ ಬೆನ್ನು: ಪಟ್ಟಿಯ ಬಣ್ಣ ಮೇಲೆ ಬಳಿದದ್ದಲ್ಲ, ಪ್ಲಾಸ್ಟಿಕ್‌ನೊಳಗೇ ಬೆರೆತದ್ದು, ಆದ್ದರಿಂದ ತೋಡಿನೊಳಗೆ ಹುದುಗಿದ್ದ ಬೆನ್ನಿಗೆ ಬಿಸಿಲೂ ಹೊಗೆಯೂ ಅಷ್ಟಾಗಿ ತಾಗಿರುವುದಿಲ್ಲ. ಬ್ಲೇಡಿನಿಂದ ಬೆನ್ನನ್ನು ಹೊಸದಾಗಿ ಸೀಳಿದಾಗ ಒಳಗೆ ಕಾಣುವ ಬಣ್ಣವನ್ನು ಹೊರಗಿನದರ ಜೊತೆ ಹೋಲಿಸಿದರೆ, ಹಳದಿ ಅಥವಾ ಕೆಂಪು ಪಟ್ಟಿಯಾಗಿದ್ದಲ್ಲಿ, ಇವೆರಡೂ ಒಂದೇ ವಸ್ತುವೇ ಎಂದು ಸಂಶಯ ಬರುವಷ್ಟು ಅಂತರ ಇರಬಹುದು. ಹೀಗೆ ಒಂದರಿಂದ ಅಗಲ, ಇನ್ನೊಂದರಿಂದ ಬಣ್ಣ, ಮತ್ತೊಂದರಿಂದ ಮೇಲ್ಮೈ ಎಂದು ಆಯ್ದುಕೊಂಡು ಎಲ್ಲರೂ ಒಪ್ಪುವ ನಕ್ಷೆಯೊಂದನ್ನು ಸಿದ್ಧಪಡಿಸುವುದೇ ಈ ಕೆಲಸದ ಅರ್ಧಭಾಗ, ಮತ್ತು ಅದರಲ್ಲಿ ಹಣ ಎಷ್ಟು ಕೊಟ್ಟರು ಎನ್ನುವುದಕ್ಕಿಂತ ತಮ್ಮ ಯಂತ್ರದ ಹಿಂಬದಿಯಿಂದ ಬೆರಳುದ್ದದ ತುಂಡನ್ನು ಯಾರು ಕತ್ತರಿಸಿ ಕಳಿಸಿದರು ಎನ್ನುವುದು ಹೆಚ್ಚಿನದು.

ತ್ರೀಡಿ ಪ್ರಿಂಟರ್‌ನಲ್ಲಿ ಮಾಡಬಹುದಲ್ಲ ಎನ್ನುವವರಿಗೆ ಚಿಕ್ಕ ಉತ್ತರ: 20 ಅಡಿ ಉದ್ದ ಒಂದೇ ತುಂಡಾಗಿ ಬರುವುದಿಲ್ಲ, ಕೂಡಿಸಿದ ಜಾಗಗಳು ಎದ್ದು ಕಾಣುತ್ತವೆ. ಪೀಣ್ಯದಲ್ಲಿ ಇದರ ಕಾಲು ಭಾಗದ ಖರ್ಚಿಗೆ ಮಾಡಿಕೊಡುತ್ತಾರೆ ಎಂದು ಬೆಂಗಳೂರಿನ ಬಂಧುಗಳು ಹೇಳುತ್ತಾರೆ, ಮಾಡಿಕೊಡಲೂಬಹುದು. ಆದರೆ ಪ್ರತಿ ತಿದ್ದುಪಡಿಯ ಮಾದರಿಯನ್ನೂ ಹಳೆಯ ತುಂಡುಗಳ ಪಕ್ಕದಲ್ಲಿಟ್ಟು, ನಿಜವಾದ ಯಂತ್ರದ ತೋಡಿಗೆ ಬಡಿದು ನೋಡಬೇಕಾಗಿರುವುದರಿಂದ, ಕಾರ್ಖಾನೆ ಯಂತ್ರಗಳಿರುವ ಊರಿಗೆ ಹತ್ತಿರದಲ್ಲಿದ್ದರೆ ಕೆಲಸ ನೆಟ್ಟಗಾಗುತ್ತದೆ.

ಪರಸ್ಪರ ಮುಖ ಕಾಣದ ಜನರ ಹಣ ಒಬ್ಬರ ಕೈಗೆ ಸೇರುವ ವ್ಯವಹಾರವಾದ್ದರಿಂದ ನಂಬಿಕೆಯ ಪ್ರಶ್ನೆ ಬಂದೇ ಬರುತ್ತದೆ, ಮತ್ತು ಇಂತಹ ಪ್ರಯತ್ನಗಳು ಮುರಿದುಬೀಳುವುದು ಹೆಚ್ಚಾಗಿ ಇಲ್ಲಿಯೇ. ಮೊದಲು ಹೆಸರು ಮತ್ತು ಅಡಿಯ ಲೆಕ್ಕ ಮಾತ್ರ ಬರೆದುಕೊಳ್ಳಬೇಕು. ಕಾರ್ಖಾನೆಯಿಂದ ಲಿಖಿತ ದರಪಟ್ಟಿ ಬರುವವರೆಗೆ ಯಾರಿಂದಲೂ ಒಂದು ಡಾಲರ್ ಪಡೆಯಬಾರದು. ಬಂದ ಮೇಲೆ ಅಚ್ಚಿನ ಖರ್ಚಿನ ಪಾಲನ್ನು ಮುಂಗಡವಾಗಿ, ಉಳಿದದ್ದನ್ನು ಮಾದರಿ ಒಪ್ಪಿಗೆಯಾದ ಮೇಲೆ ಪಡೆಯುವುದು ಸರಿಯಾದ ಕ್ರಮ. ಹಣಕ್ಕೆ ಬೇರೆಯದೇ ಖಾತೆ ಇರಬೇಕು, ಕಾರ್ಖಾನೆಯ ಬಿಲ್ಲನ್ನು ಎಲ್ಲರಿಗೂ ತೋರಿಸಬೇಕು. ಹೆಸರು ಬರೆಸಿದವರೆಲ್ಲರೂ ಹಣ ಕಟ್ಟುವುದಿಲ್ಲ ಎಂಬುದನ್ನು ಲೆಕ್ಕದಲ್ಲಿಟ್ಟುಕೊಂಡೇ ತಲಾ ಪಾಲನ್ನು ನಿಗದಿ ಮಾಡಬೇಕು. ಹಾಗೆ ಮಾಡದಿದ್ದರೆ ಕೊನೆಗೆ ಸಂಘಟಿಸಿದವರ ತಲೆಯ ಮೇಲೆ ಸಾಲ ಕೂರುತ್ತದೆ. ಯುರೋಪ್, ಆಸ್ಟ್ರೇಲಿಯಗಳಿಂದ ಸೇರಿದವರಿಗಾಗಿ ಆಯಾ ಕಡೆ ಒಬ್ಬರು ಒಟ್ಟಾಗಿ ತರಿಸಿಕೊಂಡು ಹಂಚಿದರೆ ಸಾಗಣೆಯ ಖರ್ಚು ಬಹಳ ಇಳಿಯುತ್ತದೆ. ಬೇಕಾದ ಪಟ್ಟಿಯನ್ನೆಲ್ಲ ಒಂದೇ ಸಲಕ್ಕೆ ಓಡಿಸಬೇಕು, ಏಕೆಂದರೆ ಮತ್ತೊಮ್ಮೆ ಓಡಿಸಿದಾಗ ಬಣ್ಣ ಕೂದಲೆಳೆಯಷ್ಟಾದರೂ ಬೇರೆಯಾಗುತ್ತದೆ. ಸುರುಳಿಯನ್ನು ದೊಡ್ಡ ವ್ಯಾಸಕ್ಕೆ ಸುತ್ತಿಸಬೇಕು. ಬಿಗಿಯಾಗಿ ಸುತ್ತಿದ ಪಟ್ಟಿ ಆ ಬಾಗನ್ನೇ ಹಿಡಿದುಕೊಂಡು ನೇರವಾದ ಅಂಚಿನ ಮೇಲೆ ಅಲೆಯಲೆಯಾಗಿ ಕೂರುತ್ತದೆ.

ಕೆಲಸ ಮುಗಿದ ಮೇಲೆ ಅಚ್ಚು ಯಾರದು ಎಂಬುದನ್ನೂ ಮೊದಲೇ ಬರೆದಿಟ್ಟುಕೊಳ್ಳಬೇಕು. ಹಣ ಕೊಟ್ಟ ಗಿರಾಕಿಯದೇ ಅಚ್ಚು, ಕಾರ್ಖಾನೆ ಅದನ್ನು ಇಟ್ಟುಕೊಂಡಿರುತ್ತದೆ ಎಂಬುದು ಈ ಉದ್ಯಮದಲ್ಲಿ ಸಾಮಾನ್ಯವಾದ ಪದ್ಧತಿ. ವರ್ಷಗಟ್ಟಲೆ ಆರ್ಡರ್ ಬಾರದ ಅಚ್ಚನ್ನು ಗುಜರಿಗೆ ಹಾಕುವುದೂ ಅಷ್ಟೇ ಸಾಮಾನ್ಯ. ಎರಡನೆಯ ಸಲವೂ ಅದೇ ಗತಿ ಆಗಬಾರದು; ಅಚ್ಚನ್ನು ನಮ್ಮವರೊಬ್ಬರ ಮನೆಯಲ್ಲೋ ಆಸಕ್ತಿ ಇರುವ ಸಂಗ್ರಹಾಲಯದಲ್ಲೋ ಇರಿಸಿ, ಅಳತೆಯ ನಕ್ಷೆಯನ್ನು ಎಲ್ಲರಿಗೂ ಬಿಟ್ಟುಕೊಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಇನ್ನೊಂದು ವಿಷಯದಲ್ಲಿಯೂ ನಾನು ರಾಜಿಗೆ ಒಪ್ಪುವುದಿಲ್ಲ. ಹೊಸ ಪಟ್ಟಿ ಹಳೆಯದರಂತೆ ಕಾಣಬೇಕು, ಆದರೆ ಅದನ್ನು ಹಳೆಯದೆಂದು ಯಾರಿಗೂ ಮಾರಲು ಆಗಬಾರದು. ಅದಕ್ಕಾಗಿ ಬೆನ್ನಿನ ಒಂದು ಬದಿಯಲ್ಲಿ ಉದ್ದಕ್ಕೂ ಸಾಗುವ ತೆಳುವಾದ ಗೀರನ್ನು ಅಚ್ಚಿನಲ್ಲಿಯೇ ಸೇರಿಸಿದರೆ, ಹಲಗೆಯೊಳಗೆ ಕೂತ ಮೇಲೆ ಅದು ಯಾರಿಗೂ ಕಾಣುವುದಿಲ್ಲ, ಪಟ್ಟಿಯನ್ನು ಕಿತ್ತು ನೋಡಿದವರಿಗೆ ಮಾತ್ರ ತಿಳಿಯುತ್ತದೆ.

ಇದನ್ನು ಓದುತ್ತಿರುವವರಲ್ಲಿ ಯಾರ ಬಳಿಯಾದರೂ ಅಂತಹ ಯಂತ್ರವಿದ್ದು ಪಟ್ಟಿ ಬದಲಿಸುವ ಯೋಚನೆ ಇದ್ದರೆ, ಕೀಳುವ ಮೊದಲು ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿ, ಮುಳ್ಳುಗಳು ಮುರಿಯದಂತೆ ನಿಧಾನವಾಗಿ ಎಬ್ಬಿಸಿ. ಅಸಿಟೋನ್ ಹಾಕಿ ಒರೆಸಬೇಡಿ, ಅದು ಪಿವಿಸಿಯ ಮೇಲ್ಮೈಯನ್ನೇ ಕೆಡಿಸುತ್ತದೆ. ತುಂಡು ಯಂತ್ರದ ಯಾವ ಭಾಗದ್ದು, ಹಲಗೆಯ ದಪ್ಪ ಎಷ್ಟು, ತೋಡಿನ ಅಗಲ ಮತ್ತು ಆಳ ಎಷ್ಟು ಎಂದು ಚೀಟಿ ಬರೆದು ಕಟ್ಟಿ, ಮಡಿಸದೆ ರಟ್ಟಿನ ನಡುವೆ ಚಪ್ಪಟೆಯಾಗಿ ಇಟ್ಟು ಕಳಿಸಿ. ಹಣ ಕಟ್ಟಿ ಸೇರಲು ಮನಸ್ಸಿಲ್ಲದಿದ್ದರೂ ಆ ತುಂಡು ಬೇಕೇ ಬೇಕು.