ಬಾಕಿ ಪುಸ್ತಕ ಹಿಡ್ಕೊಂಡು ಹೋದ ಭಾನುವಾರ

ನನ್ನ ಗ್ಯಾರೇಜಿನ ಬಾಕಿ ಪುಸ್ತಕದಲ್ಲಿ ಮನುಷ್ಯರ ಹೆಸರು ಕಮ್ಮಿ, ಗಾಡಿಗಳದ್ದೇ ಜಾಸ್ತಿ. ಒಂದು ಪುಟದಲ್ಲಿ ಇರೋದನ್ನ ಹಾಗೇ ಇಳಿಸ್ತೀನಿ ನೋಡಿ. "ಕೆರಗೋಡು ಸ್ಪ್ಲೆಂಡರ್, ಮೀಸೆ, ಚೈನ್ ಸ್ಪ್ರಾಕೆಟ್, ಬಾಕಿ 700." "ಬಸರಾಳು ಎಕ್ಸೆಲ್, ಹಾಲಿನ ಕ್ಯಾನು, ಕ್ಲಚ್, 450." "ದುದ್ದ ಎಕ್ಸೆಲ್, ಹಲ್ಲಿಲ್ಲದ ತಾತ, ಸೈಲೆನ್ಸರ್ ಸುಟ್ಟು ಕ್ಲೀನ್ ಮಾಡಿದ್ದು, ಪ್ಲಗ್ಗು, 240."

ಕೆರಗೋಡು, ಬಸರಾಳು, ದುದ್ದ ನಮ್ಮ ಮಂಡ್ಯ ಸುತ್ತಲ ಊರುಗಳು; ಎಕ್ಸೆಲ್ ಅಂದ್ರೆ ಟಿವಿಎಸ್ ಮೊಪೆಡ್ಡು. ಹೆಸರು ಕೇಳೋಕೆ ಸಂಕೋಚ ಅಂತಲ್ಲ. ಅಭ್ಯಾಸ ಅಷ್ಟೆ. 1997ರಲ್ಲಿ ಎಸ್ಸೆಸ್ಸೆಲ್ಸಿ ಡುಮ್ಕಿ ಹೊಡೆದು ಮೈಸೂರಿಗೆ ಕೆಲಸ ಕಲಿಯೋಕೆ ಹೋದೆ. ಯಾದವಗಿರಿಯ ಐಡಿಯಲ್ ಜಾವಾ ಫ್ಯಾಕ್ಟರಿ ಹಿಂದಿನ ವರ್ಷ ತಾನೇ ಮುಚ್ಚಿತ್ತು. 1961ರಿಂದ ಬೈಕು ಮಾಡ್ತಿದ್ದ ಫ್ಯಾಕ್ಟರಿ. ಅದು ಮುಚ್ಚಿದರೇನಂತೆ, ಊರು ತುಂಬಾ ಜಾವಾ, ಯೆಜ್ಡಿ ಓಡಾಡ್ತಿದ್ದವು. ನಮ್ಮ ಮೇಸ್ತ್ರಿಗೆ ಅವುಗಳದ್ದೇ ಕೆಲಸ. ಆ ಗಾಡಿಯಲ್ಲಿ ಕಿಕ್ಕರೂ ಗೇರೂ ಒಂದೇ ಲಿವರು, ಗೊತ್ತಾ? ಸ್ಟಾರ್ಟ್ ಆದ್ಮೇಲೆ ಅದನ್ನೇ ಮುಂದಕ್ಕೆ ಮಡಚಿ ಗೇರ್ ಹಾಕಬೇಕು. ನಾನು ಮೊದಲ ದಿನ ಕಿಕ್ ಹೊಡೆದು, ಗೇರ್ ಎಲ್ಲಿದೆ ಅಂತ ಕೆಳಗೆ ಬಗ್ಗಿ ಹುಡುಕ್ತಾ ನಿಂತಿದ್ದೆ. ಮೇಸ್ತ್ರಿ ನಕ್ಕು ನಕ್ಕು ಬೀಡಿ ಬೀಳಿಸಿಕೊಂಡರು. ಅವರಿಗೆ ಯಾರ ಹೆಸರೂ ನೆನಪಿರ್ತಿರಲಿಲ್ಲ. ಗಾಡಿ ಮಾತ್ರ ತಿರುವಿನಲ್ಲಿ ಬರೋವಾಗಲೇ ಸೌಂಡಲ್ಲಿ ಗುರುತು ಹಿಡೀತಿದ್ದರು. ಬಾಕಿಯನ್ನೂ ಗಾಡಿ ಲೆಕ್ಕದಲ್ಲೇ ಬರೀತಿದ್ದರು. ನಾನು 2004ರಲ್ಲಿ ಮಂಡ್ಯದ ಗುತ್ತಲು ರಸ್ತೆ ಕಡೆ ಗ್ಯಾರೇಜ್ ಹಾಕಿದಾಗ ಅದೇ ಅಭ್ಯಾಸ ಬಂತು.

ಮೊದಲು ಬಾಕಿ ಇಷ್ಟಿರಲಿಲ್ಲ. ಬೆಂಗಳೂರು-ಮೈಸೂರು ಮಧ್ಯೆ ಹೋಗೋ ಬೈಕಿನವರು ಊರೊಳಗೇ ಹೋಗಬೇಕಿತ್ತು. ಪಂಚರ್ ಆದ್ರೆ, ಕೇಬಲ್ ಕಟ್ ಆದ್ರೆ, ಯಾರೋ ದಾರಿ ತೋರಿಸಿ ನನ್ನ ಹತ್ರ ಕಳಿಸ್ತಿದ್ದರು. ಅವರದ್ದು ಕೈಯಲ್ಲಿ ಕಾಸು, ಬಾಯಲ್ಲಿ ಥ್ಯಾಂಕ್ಸು. 2023ರ ಮಾರ್ಚಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಯ್ತು. ಊರಿನ ಪಕ್ಕದಲ್ಲೇ ಬೈಪಾಸು. ಅದೇ ವರ್ಷ ಆಗಸ್ಟ್ 1ರಿಂದ ಬೈಕುಗಳನ್ನ ಸರ್ವಿಸ್ ರಸ್ತೆಗೆ ಇಳಿಸಿದರು. ದಾರಿಹೋಕ ಗಿರಾಕಿ ಕಮ್ಮಿಯಾಗಿ, ನಮ್ಮ ಸುತ್ತಲ ಹಳ್ಳಿಯವರು ಉಳಿದರು.

ಹಳ್ಳಿಯವರು ಮೋಸ ಮಾಡಲ್ಲ. ಆದರೆ ಅವರ ಕ್ಯಾಲೆಂಡರ್ರೇ ಬೇರೆ. "ಕಬ್ಬಿನ ಬಿಲ್ಲು ಬರ್ಲಿ ಕಣಣ್ಣ, ಕೊಡ್ತೀನಿ" ಅಂತಾರೆ. ಕಬ್ಬು ಕೊಟ್ಟ 14 ದಿನದೊಳಗೆ ಕಾರ್ಖಾನೆ ದುಡ್ಡು ಕೊಡಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶದಲ್ಲೇ ಇದೆ. ಇದನ್ನ ನನಗೆ ಹೇಳಿದ್ದೂ ಒಬ್ಬ ರೈತನೇ, ಬ್ರೇಕ್ ಶೂ ಹಾಕಿಸಿಕೊಂಡು ಸಾಲ ಹೇಳೋವಾಗ! ಅವನಿಗೆ ಬಿಲ್ಲು ಬರೋದು ತಡ ಆದ್ರೆ ನನಗೂ ತಡ. ನಾನು ಒಂದು ಗುಂಟೆ ಕಬ್ಬು ಹಾಕಿಲ್ಲ, ಆದ್ರೂ ಕಟಾವು ಯಾವಾಗ ಅಂತ ಕಾಯ್ತೀನಿ. ನಮ್ಮನೇಲಿ ಹೊಸ ಬಟ್ಟೆ, ಹೊಸ ಕುಕ್ಕರ್, ಎಲ್ಲ ಕಟಾವು ಆದ್ಮೇಲೇ.

ಕಾಲೇಜು ಫೀಸಿಗೆ ಮಾತ್ರ ಕಟಾವು ಗೊತ್ತಿಲ್ಲ. ಮಗಳು ಡಿಪ್ಲೊಮಾ ಎರಡನೇ ವರ್ಷ, ಕಂಪ್ಯೂಟರ್ ಸೈನ್ಸು. 22,000 ಕಟ್ಟಬೇಕಿತ್ತು. ರಾತ್ರಿ ಊಟ ಆದ್ಮೇಲೆ ಅವಳು ಬಾಕಿ ಪುಸ್ತಕ ತಗೊಂಡು ಕೂತಳು. ಎಲ್ಲ ಕೂಡಿಸಿ, "ಅಪ್ಪ, 31,400 ಬರಬೇಕು" ಅಂದಳು. ನನಗೇ ಗೊತ್ತಿರಲಿಲ್ಲ. ಎಲ್ಲಾನೂ ಮೊಬೈಲಿಗೆ ಹಾಕಿ, ಎಲ್ಲರಿಗೂ ಮೆಸೇಜ್ ಹೋಗೋ ಹಾಗೆ ಮಾಡ್ತೀನಿ ಅಂತ ಶುರು ಮಾಡಿದಳು.

"ಹೆಸರು ಹೇಳು."

"ಮೀಸೆ."

"ಫೋನ್ ನಂಬರು?"

"ಗಾಡಿ ನಂಬರ್ ಬೇಕಾದ್ರೆ ಹೇಳ್ತೀನಿ. ಕೆಎ 11..."

ನನ್ನ ಹೆಂಡತಿ ಪಾತ್ರೆ ತೊಳೀತಾ ಇದ್ದವಳು ಅಲ್ಲಿಂದಲೇ, "ಹೋಗಿ ಕೇಳ್ಕೊಂಡು ಬನ್ನಿ, ಕಾಲಿಗೇನಾಗಿದೆ?" ಅಂದಳು.

ಭಾನುವಾರ ಬೆಳಗ್ಗೆ ನನ್ನ ಹಳೇ ಸಮುರಾಯ್ ಬೈಕ್ ತೆಗೆದೆ. ಮಗಳು ಹಿಂದೆ, ಪುಸ್ತಕ ಅವಳ ಬ್ಯಾಗಲ್ಲಿ. ಟೂಲ್ಸ್ ಬೇಡ ಅಂದಳು, ನಾನು ಸುಮ್ನೆ ಒಂದು ಸಣ್ಣ ಚೀಲ ಇಟ್ಟುಕೊಂಡೆ. ಕೆರಗೋಡಲ್ಲಿ ಅಂಗಡಿ ಮುಂದೆ ನಿಂತು "ದಪ್ಪ ಮೀಸೆ, ಸ್ಪ್ಲೆಂಡರ್ ಇಟ್ಟವ್ರೆ, ಅವರ ಮನೆ ಯಾವುದು?" ಅಂತ ಮಗಳು ಒಬ್ಬರನ್ನ ಕೇಳಿದಳು. ಅವರು ಗೊತ್ತಿಲ್ಲ ಅಂದರು. ಇನ್ನೊಬ್ಬರನ್ನ ಕೇಳಿದ್ವಿ. ಅವರಿಗೂ ಗೊತ್ತಿಲ್ಲ. ಪಕ್ಕದಲ್ಲಿ ಟೀ ಕುಡೀತಿದ್ದ ಬೋಳುತಲೆಯವನು ತಲೆ ಬಗ್ಗಿಸಿಕೊಂಡೇ ಇದ್ದ. ಆಮೇಲೆ ತಡೀಲಾರದೆ ನಕ್ಕುಬಿಟ್ಟ. ಮಾದಪ್ಪನ ಬೆಟ್ಟಕ್ಕೆ ಹೋಗಿ ಮುಡಿ ಕೊಟ್ಟು ಬಂದಿದ್ದಾನೆ, ಮೀಸೆ ಸಮೇತ! ನಮಗೆ ಟೀ ಕುಡಿಸಿದ, 300 ಕೊಟ್ಟ. ಉಳಿದಿದ್ದಕ್ಕೆ ಆಲೆಮನೆಯಿಂದ ಎರಡು ಕೆ.ಜಿ. ಬೆಲ್ಲ ಕೊಡಿಸಿದ. ಮಗಳು ಮೊಬೈಲ್ ಹಿಡ್ಕೊಂಡು ಬೆಲ್ಲಾನ ಯಾವ ಕಾಲಂಗೆ ಹಾಕೋದು ಅಂತ ನನ್ನ ಮುಖ ನೋಡಿದಳು.

ದುದ್ದದ ತಾತನ ಮನೆ ಹುಡುಕೋದು ಸುಲಭ. ಎಕ್ಸೆಲ್ ಹೊರಗೇ ನಿಂತಿತ್ತು. "ಬಾ ಮಗ ಬಾ, ದೇವ್ರು ಕಳಿಸ್ದಂಗೆ ಬಂದೆ" ಅಂದರು. ಆಗಲೇ ನನಗೆ ಅರ್ಥ ಆಯ್ತು. ಗಾಡಿ ಸ್ಟಾರ್ಟ್ ಆಗ್ತಿಲ್ಲ. ತಾತನಿಗೆ ಮಂಡಿ ನೋವು, ಒಂದು ತಿಂಗಳಿಂದ ಗಾಡಿ ಹಾಗೇ ನಿಂತಿದೆ.

ಜಗುಲಿ ಮೇಲೆ ಗೋಣಿಚೀಲ ಹಾಸಿ ಕಾರ್ಬ್ಯುರೇಟರ್ ಬಿಚ್ಚಿದೆ. ಕೆಳಗಿನ ಬಟ್ಟಲಲ್ಲಿದ್ದ ಪೆಟ್ರೋಲನ್ನ ಒಂದು ಗಾಜಿನ ಲೋಟಕ್ಕೆ ಸುರಿದು ಮಗಳಿಗೆ ತೋರಿಸಿದೆ. ಮೇಲೊಂದು ಪದರ, ಕೆಳಗೊಂದು ಪದರ. ನಡುವೆ ಗೆರೆ ಎಳೆದ ಹಾಗೆ. ಈಗಿನ ಪೆಟ್ರೋಲಲ್ಲಿ ನೂರಕ್ಕೆ 20 ಭಾಗ ಎಥೆನಾಲ್ ಇರುತ್ತೆ. ಎಥೆನಾಲು ಗಾಳಿಯ ತೇವ ಹೀರುತ್ತೆ. ದಿನಾ ಓಡೋ ಗಾಡಿಗೆ ಅಷ್ಟು ತೊಂದರೆ ಇಲ್ಲ. ನಿಂತ ಗಾಡಿಯಲ್ಲಿ ನೀರು ಜಾಸ್ತಿಯಾಗಿ ಹೀಗೆ ಬೇರೆಯಾಗಿ ತಳಕ್ಕೆ ಇಳಿಯುತ್ತೆ, ಎಂಜಿನ್ ಅದನ್ನೇ ಮೊದಲು ಕುಡಿಯುತ್ತೆ. ರಬ್ಬರ್ ವಾಷರ್ ಊದಿಕೊಂಡು ಅದರ ಜಾಗದಲ್ಲಿ ಕೂರ್ತಾನೇ ಇರಲಿಲ್ಲ. ಎಥೆನಾಲ್ ಎಲ್ಲಿಂದ ಬರುತ್ತೆ ಅಂತ ತಾತ ಕೇಳಿದರು. "ಕಬ್ಬಿಂದಾನೂ ಮಾಡ್ತಾರೆ ತಾತ" ಅಂದೆ. ಅವರು ಲೋಟ ಬೆಳಕಿಗೆ ಹಿಡಿದು ನೋಡಿದರು. "ನಂದೇ ಇರ್ಬೋದು ಅಂತೀಯಾ?" ಅಂದರು.

ಕಾರ್ಬ್ಯುರೇಟರ್ ಒಳಗೆ ಪೆಟ್ರೋಲ್ ಹಾಯೋ ಸಣ್ಣ ಹಿತ್ತಾಳೆ ಜೆಟ್ಟಿನ ತೂತು ಕಟ್ಟಿಕೊಂಡಿತ್ತು. ಇದಕ್ಕೆ ತಂತಿ ಹಾಕಿ ತಿವಿಯೋ ಮೆಕ್ಯಾನಿಕ್‌ಗಳನ್ನ ಕಂಡರೆ ನನಗೆ ಆಗಲ್ಲ. ಹಿತ್ತಾಳೆ ಮೆತ್ತಗಿರುತ್ತೆ, ತೂತು ದೊಡ್ಡದಾಗುತ್ತೆ, ಆಮೇಲೆ ಮೈಲೇಜ್ ಇಲ್ಲ ಅಂತ ಗಿರಾಕಿ ಕಂಪನಿಗೆ ಬೈಯ್ತಾನೆ. ಹಳೇ ಟೂತ್‌ಬ್ರಷ್ಷಿಂದ ಒಂದೇ ಒಂದು ಎಳೆ ಕಿತ್ತು, ಮೆಲ್ಲಗೆ ತೂರಿಸಿ, ಬಾಯಲ್ಲಿ ಊದಿ, ಸೂರ್ಯನ ಕಡೆ ಹಿಡಿದೆ. ಸೂಜಿಮೊನೆಯಷ್ಟು ಬೆಳಕು ದುಂಡಗೆ ಕಂಡಿತು. ಮಗಳ ಕಣ್ಣಿಗೂ ಹಿಡಿದೆ. ಚೀಲದಲ್ಲಿದ್ದ ಹೊಸ ವಾಷರ್ ಹಾಕಿ, ಟ್ಯಾಂಕಿನ ಪೆಟ್ರೋಲ್ ಚೆಲ್ಲಿ, ನನ್ನ ಸಮುರಾಯಿಂದ ಅರ್ಧ ಲೀಟರ್ ತೆಗೆದು, ಈ ಥರದ ಎಂಜಿನ್ನಿಗೆ ಪೆಟ್ರೋಲ್ ಜೊತೆ ಹಾಕೋ ಟೂಟಿ (2T) ಆಯಿಲ್ ಅಳತೆಗೆ ಬೆರೆಸಿ ಹಾಕಿದೆ. ನಾಲ್ಕನೇ ತುಳಿತಕ್ಕೆ ಎದ್ದಿತು. ಬೀದಿ ತುಂಬಾ ಹೊಗೆ.

ತಾತ ದುಡ್ಡಿನ ಮಾತು ತಾವಾಗೇ ತೆಗೆದರು. ಬಿಲ್ಲು ಬಂದಿಲ್ಲ ಅಂದರು. ಒಳಗೆ ಹೋಗಿ ಒಂದು ನಾಟಿ ಕೋಳಿ ಕಾಲು ಕಟ್ಟಿ ತಂದು ಮಗಳ ಕೈಗೆ ಕೊಟ್ಟರು. "ಓದೋ ಕೂಸು, ತಿನ್ಲಿ" ಅಂದರು. ಬೇಡ ಅನ್ನೋಕೆ ಬಿಡಲಿಲ್ಲ.

ಬಸರಾಳಿಗೆ ಹೋಗೋ ಧೈರ್ಯ ಮಗಳಿಗೆ ಉಳಿದಿರಲಿಲ್ಲ. ಕೋಳಿ ಅವಳ ಮಡಿಲಲ್ಲಿ, ಬೆಲ್ಲ ಹ್ಯಾಂಡಲ್ಲಿಗೆ. ಮನೆಗೆ ಬಂದು ಲೆಕ್ಕ ಹಾಕಿದರೆ 300 ರೂಪಾಯಿ ಬಂದಿತ್ತು. ಪೆಟ್ರೋಲು, ವಾಷರು ಕಳೆದರೆ ಎಷ್ಟು ಅಂತ ಮಗಳು ಹೇಳೋಕೆ ಹೋದಳು, ನಾನೇ ಬೇಡ ಅಂದೆ. ನನ್ನ ಹೆಂಡತಿ ಏನೂ ಮಾತಾಡದೆ ಮಾರನೇ ದಿನ ಚೀಟಿ ಎತ್ತಿ ಫೀಸು ಕಟ್ಟಿಸಿದಳು. ಚೀಟಿ ಮೇಲೆ ಎಷ್ಟು ಬಿಟ್ಟುಕೊಟ್ಟಳು ಅಂತ ಇವತ್ತಿಗೂ ಹೇಳಿಲ್ಲ.

ಬೆಲ್ಲ ಮುಗೀತು. ಕೋಳಿ ಇದೆ. ಕೊಯ್ಯೋಕೆ ಮಗ ಬಿಡಲಿಲ್ಲ. ಗ್ಯಾರೇಜ್ ಹಿಂದೆ ಹಾಕಿರೋ ಹಳೇ ಟೈರುಗಳ ಒಳಗೆ ಮೊಟ್ಟೆ ಇಡುತ್ತೆ. ನಿನ್ನೆ ಎಕ್ಸೆಲ್ ಟೈರಲ್ಲಿ ಒಂದಿತ್ತು.