ಹಾಡಿನ ಮಧ್ಯೆ ನಿಂತದ್ದು

ವಿನೋಬನಗರದ ಒಂದು ಮಹಡಿ ಮೇಲಿನ ಹಾಲ್‌ನಲ್ಲಿ ಭಾನುವಾರ ಸಂಜೆ ಸಾಲ್ಸಾ, ಬಚಾಟಾ ಅನ್ನೋ ಜೋಡಿ ಕುಣಿತ ಕಲಿಯೋಕೆ ಹೋಗುತ್ತೇನೆ. ಶಿವಮೊಗ್ಗದಲ್ಲಿ ಇದೆಲ್ಲಾನಾ ಅಂತ ಕೇಳಬೇಡಿ, ನಮ್ಮತ್ತೆ ಆಗಲೇ ಕೇಳಿಯಾಗಿದೆ. ನಮ್ಮ ಕೋಲಾಟದಲ್ಲಿ ಕೋಲಿಗೆ ಕೋಲು ತಾಗುತ್ತದೆ, ಅಷ್ಟೇ. ಇಲ್ಲಿ ಗುರುತಿಲ್ಲದವರ ಕೈ ನಮ್ಮ ಬೆನ್ನ ಮೇಲಿರುತ್ತದೆ.

ಬಚಾಟಾ ಡೊಮಿನಿಕನ್ ರಿಪಬ್ಲಿಕ್ ಕಡೆಯದು. ಪಕ್ಕಕ್ಕೆ ಮೂರು ಹೆಜ್ಜೆ, ನಾಲ್ಕಕ್ಕೆ ಒಂದು ತಟ್ಟು, ಮತ್ತೆ ವಾಪಸ್. ಹತ್ತಿರ ನಿಂತೂ ಕುಣಿಯಬಹುದು, ಬರೀ ಕೈ ಹಿಡಿದು ದೂರ ನಿಂತೂ ಕುಣಿಯಬಹುದು. ಇಬ್ಬರಲ್ಲಿ ಯಾರಿಗೆ ಜಾಸ್ತಿ ದೂರ ಬೇಕೋ ಅವರ ಮಾತೇ ನಡೆಯಬೇಕು ಅಂತ ಮಾಸ್ಟರ್ ಮೊದಲ ದಿನವೇ ಹೇಳಿದ್ದರು.

ಒಂದು ಭಾನುವಾರ ಜೊತೆಗೆ ಸಿಕ್ಕವರು ಹಾಡು ಶುರುವಾಗುತ್ತಲೇ ಹತ್ತಿರ ಎಳೆದುಕೊಂಡರು. ಅವರ ಭುಜಕ್ಕೆ ಎಡಗೈ ಒತ್ತಿ, ಮೊಣಕೈ ಬಿಗಿ ಮಾಡಿದೆ. ಮತ್ತೆ ಎಳೆದರು. "ಅಷ್ಟು ಟೈಟ್ ಆಗ್ಬೇಡಿ ಮೇಡಂ, ಫ್ರೀಯಾಗಿರಿ." ಮದುವೆ ಊಟದಲ್ಲಿ ಎಲೆಗೆ ಎರಡೂ ಕೈ ಅಡ್ಡ ಹಿಡಿದರೂ ಸಂದಿಯಲ್ಲಿ ಹೋಳಿಗೆ ಜಾರಿಸುತ್ತಾರಲ್ಲ, ಹಾಗೆ. ಅಲ್ಲಿ ಪ್ರೀತಿ ಅಂದುಕೊಂಡು ಸುಮ್ನೆ ತಿಂದುಬಿಡುತ್ತೇವೆ.

ಹಾಡು ನಡೆಯುತ್ತಿದ್ದಂತೆಯೇ ನಿಂತೆ. "ಸಾಕು ಸರ್, ಇಷ್ಟು ಹತ್ತಿರ ನನಗೆ ಬೇಡ" ಅಂದೆ. ಸೊಂಟ ನೋವು ಅಂತ ನೆಪ ಹೇಳಬಹುದಿತ್ತು. ಹೇಳಿದರೆ ಮುಂದಿನ ವಾರ "ನೋವು ಕಮ್ಮಿ ಆಯ್ತಾ?" ಅಂತ ಕೈ ಚಾಚಿಕೊಂಡು ಬರುತ್ತಾರೆ, ಅಲ್ವಾ?

ನೀರು ಕುಡಿಯುವಾಗ ಗೆಳತಿ ಪಕ್ಕಕ್ಕೆ ಬಂದಳು. "ಪಾಪ, ಬೇಜಾರು ಮಾಡ್ಕೊಂಡ್ರು ಕಣೆ." ನನ್ನ ಬೇಜಾರು ಅವಳ ಲೆಕ್ಕದಲ್ಲೇ ಇರಲಿಲ್ಲ. ನಮ್ಮ ಕಡೆ ದಾಕ್ಷಿಣ್ಯ ಯಾವಾಗಲೂ ಒಂದೇ ಕಡೆಗೆ ವಾಲುತ್ತದೆ.

ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ, ಟ್ಯಾಂಗೊ ಅನ್ನೋ ಜೋಡಿ ಕುಣಿತದ ಕೂಟಗಳಲ್ಲಿ ಕಬೆಸೆಯೊ ಅಂತ ಒಂದು ಪದ್ಧತಿ ಇದೆ. ದೂರದಿಂದಲೇ ಕಣ್ಣು ಕೂಡಿಸಿ, ತಲೆಯಾಡಿಸಿ ಕರೆಯುತ್ತಾರೆ. ಇಷ್ಟವಿಲ್ಲದವರು ಬೇರೆ ಕಡೆ ನೋಡಿದರೆ ಮುಗೀತು, ಯಾರ ಮರ್ಯಾದೆಯೂ ಹೋಗುವುದಿಲ್ಲ. ನಮ್ಮಲ್ಲೋ, ಕೈ ಚಾಚಿಕೊಂಡೇ ಎದುರು ನಿಲ್ಲುತ್ತಾರೆ. ಎಲ್ಲರೂ ನೋಡುತ್ತಿರುವಾಗ ಒಲ್ಲೆ ಅನ್ನೋದು ಸುಲಭವಲ್ಲ.

ಮುಂದಿನ ಭಾನುವಾರ ಮಾಸ್ಟರ್ ಹೆಜ್ಜೆಗೆ ಮೊದಲು ಬೇರೆಯೇ ಅಭ್ಯಾಸ ಮಾಡಿಸಿದರು. ಒಬ್ಬರು "ಬರ್ತೀರಾ?" ಅನ್ನಬೇಕು, ಇನ್ನೊಬ್ಬರು "ಇಲ್ಲ" ಅನ್ನಬೇಕು. ಕೇಳಿದವರು "ಸರಿ" ಅಂತ ಹೊರಡಬೇಕು, ಯಾಕೆ ಅನ್ನುವಂತಿಲ್ಲ. ನನ್ನ ಗೆಳತಿ "ಇಲ್ಲ" ಅಂದವಳೇ "ಸಾರಿ" ಸೇರಿಸಿದಳು. ಮಾಸ್ಟರ್ ಮತ್ತೆ ಹೇಳಿಸಿದರು, ಅದೂ ಸಾರಿ ಇಲ್ಲದೆ.

ಆ ಮನುಷ್ಯ ಈಗಲೂ ಬರುತ್ತಾರೆ. ನನ್ನನ್ನು ಕುಣಿಯೋಕೆ ಕರೆಯುವುದಿಲ್ಲ. ಒಳ್ಳೆಯದೇ ಆಯಿತು, ಅವರಿಗೆ ತಾಳವೂ ಅಷ್ಟಕ್ಕಷ್ಟೆ.