ರಾಗಿ ಸರಿ ತೆಳ್ಳಗಿರಬೇಕೋ, ಗಟ್ಟಿ ಇರಬೇಕೋ?

ಮಗಳಿಗೆ ಆರು ತಿಂಗಳು ತುಂಬೋಕೆ ಇನ್ನೂ ಸ್ವಲ್ಪ ದಿನ ಇದೆ ಅನ್ನುವಾಗಲೇ ಅಮ್ಮ ರಾಗಿ ಕೇರೋಕೆ ಕೂತಳು. ತಿಪಟೂರಿನ ಹತ್ತಿರ ನಮ್ಮೂರು. ಇಲ್ಲಿ ಮಗುವಿನ ಮೊದಲ ಊಟ ಅಂದರೆ ರಾಗಿ ಸರಿ, ಎರಡನೇ ಮಾತೇ ಇಲ್ಲ. ನಾನು ಬೆಂಗಳೂರಿನಿಂದ ಬಾಣಂತನಕ್ಕೆ ಬಂದವಳು. ರಾತ್ರಿ ಹಾಲು ಕುಡಿಸುತ್ತಾ ಫೋನಿನಲ್ಲಿ ಅದೂ ಇದೂ ಓದಿ ತಲೆ ತುಂಬಾ ಪ್ಯೂರಿ, ಆವಕಾಡೊ ಇಟ್ಟುಕೊಂಡಿದ್ದೆ. ಅಮ್ಮ ಕೇಳಿದಳು, "ಆವಕಾಡೊ ಅಂದ್ರೆ ಬೆಣ್ಣೆಹಣ್ಣು ತಾನೆ? ಅದನ್ನ ಎಲ್ಲಿ ಹುಡುಕ್ತೀಯ, ಹಿತ್ತಲಲ್ಲಿ ಬಾಳೆಗೊನೆ ಬಿಟ್ಟಿದೆ ನೋಡು." ಅಲ್ಲಿಗೆ ಆ ವಿಷಯ ಮುಗಿಯಿತು.

ಸರಿ ಹಿಟ್ಟು ಮಾಡುವುದು ಸುಲಭದ ಕೆಲಸ ಅಲ್ಲ. ಮೊರದಲ್ಲಿ ಕೇರಿ, ಕಲ್ಲು ಹೋಗುವ ಹಾಗೆ ನೀರಿನಲ್ಲಿ ಜಾಲಿಸಿ, ರಾತ್ರಿ ನೆನೆಹಾಕಿ, ಬೆಳಿಗ್ಗೆ ನೀರು ಬಸಿದು ಅಪ್ಪನ ಹಳೇ ಪಂಚೆಯಲ್ಲಿ ಗಂಟು ಕಟ್ಟಿಟ್ಟಳು. ಮಾರನೇ ದಿನ ಬಿಚ್ಚಿದರೆ ಕೆಂಪು ಕಾಳಿನ ತುದಿಗೆಲ್ಲ ಬಿಳೀ ಮೊಳಕೆ, ಒಂದಕ್ಕೊಂದು ಹೆಣೆದುಕೊಂಡು ಬಟ್ಟೆಗೆ ಅಂಟಿತ್ತು. ಅದನ್ನು ನೆರಳಲ್ಲಿ ಹರವಿ ಒಣಗಿಸಿ, ಅಂಗೈಯಲ್ಲಿ ಉಜ್ಜಿ ಮೊಳಕೆ ಉದುರಿಸಿ, ಸಣ್ಣ ಉರಿಯಲ್ಲಿ ಘಮ್ ಅನ್ನುವಷ್ಟು ಹುರಿದಳು. ಜೊತೆಗೆ ಒಂದಷ್ಟು ಹೆಸರುಬೇಳೆಯನ್ನೂ ಹುರಿದು ಸೇರಿಸಿದಳು. ಮಿಲ್ಲಿಗೆ ಬೆಳಿಗ್ಗೆ ಬಾಗಿಲು ತೆಗೆಯೋ ಹೊತ್ತಿಗೇ ಹೋಗಬೇಕು, ಯಾಕೆಂದರೆ ಯಾರಾದರೂ ಮೆಣಸಿನಕಾಯಿ ಬೀಸಿಸಿದ ಮೇಲೆ ನಮ್ಮದು ಹಾಕಿದರೆ ಕಥೆ ಮುಗೀತು. ಅಷ್ಟಾದರೂ ಅಮ್ಮನಿಗೆ ನಂಬಿಕೆ ಇಲ್ಲ, ಮೊದಲು ಸ್ವಲ್ಪ ಅಕ್ಕಿ ಹಾಕಿಸಿ ಕಲ್ಲು ಚೊಕ್ಕ ಮಾಡಿಸಿದ ಮೇಲೇ ರಾಗಿ ಸುರಿದಿದ್ದು.

ಮನೆಗೆ ಬಂದು ಪಾತ್ರೆಯ ಬಾಯಿಗೆ ತೆಳು ಬಟ್ಟೆ ಬಿಗಿದು ಕಟ್ಟಿ ಹಿಟ್ಟನ್ನು ಬೆರಳಲ್ಲಿ ಆಡಿಸುತ್ತಾ ಸೋಸಿದಳು. ಕೆಳಗೆ ಬಿದ್ದದ್ದು ಮುಖಕ್ಕೆ ಹಾಕೋ ಪೌಡರಿನಷ್ಟು ನುಣ್ಣಗಿತ್ತು. ಮೇಲೆ ಉಳಿದ ತರಿ ನೋಡಿ ನನಗೆ ಹೊಟ್ಟೆ ಉರಿಯಿತು. ರಾಗಿಯ ಕ್ಯಾಲ್ಸಿಯಂ ಜಾಸ್ತಿ ಇರೋದು ಸಿಪ್ಪೆಯಲ್ಲೇ ಅಲ್ವಾ? "ಈ ವಯಸ್ಸಿಗೆ ಅದು ಅರಗಲ್ಲ, ಎಂಟು ತಿಂಗಳಾದ ಮೇಲೆ ಜರಡಿಯಲ್ಲಿ ಸೋಸಿದರೆ ಸಾಕು" ಅಂದಳು. ಒಪ್ಪಿಕೊಂಡೆ.

ಇಷ್ಟೆಲ್ಲ ಮಾಡಿ ಮೊದಲ ದಿನ ಚಮಚ ಬಾಯಿಗಿಟ್ಟರೆ ಮಗಳು ನಾಲಿಗೆಯಿಂದ ಎಲ್ಲವನ್ನೂ ಆಚೆ ತಳ್ಳಿದಳು. ಗಲ್ಲ, ಕುತ್ತಿಗೆ, ನನ್ನ ನೈಟಿ ಎಲ್ಲ ಸರಿ. ಹಾಗೆ ತಳ್ಳುವುದು ಇಷ್ಟವಿಲ್ಲ ಅಂತ ಅಲ್ಲ. ಇಷ್ಟು ದಿನ ಬರೀ ಚೀಪಿ ಗೊತ್ತಿದ್ದ ನಾಲಿಗೆ ಅದು, ಊಟವನ್ನು ಹಿಂದಕ್ಕೆ ಸರಿಸೋದು ಅದಕ್ಕೆ ಹೊಸ ವಿದ್ಯೆ. ಆದರೆ ಅಮ್ಮನಿಗೆ ಗಾಬರಿ. "ಗಂಟಲಿಗೆ ಹಿಡಿಯುತ್ತೆ" ಅಂತ ಮಾರನೇ ದಿನದಿಂದ ನೀರು ಜಾಸ್ತಿ ಮಾಡಿದಳು. ದಿನೇ ದಿನೇ ತೆಳ್ಳಗಾಗುತ್ತಾ ಹೋಗಿ ಕೊನೆಗೆ ಲೋಟದಲ್ಲೇ ಕುಡಿಸಬಹುದು ಅನ್ನೋ ಹಾಗಾಯಿತು. ಮಗಳು ಗಟಗಟ ಕುಡಿದು, ಹೊಟ್ಟೆ ತುಂಬಿ, ನನ್ನ ಹಾಲು ಬೇಡ ಅನ್ನತೊಡಗಿದಳು. ಅಮ್ಮನಿಗೆ ಖುಷಿಯೋ ಖುಷಿ. ನನಗೆ ಅನುಮಾನ.

ಅದೇ ವಾರ ನಮ್ಮೂರ ಅಂಗನವಾಡಿಯಲ್ಲಿ ಅನ್ನಪ್ರಾಶನದ ಕಾರ್ಯಕ್ರಮ ಇತ್ತು. ಪೋಷಣ್ ಅಭಿಯಾನದಲ್ಲಿ ಆರು ತಿಂಗಳು ತುಂಬಿದ ಮಕ್ಕಳನ್ನು ಕರೆದು ಮೊದಲ ತುತ್ತು ತಿನ್ನಿಸುತ್ತಾರೆ. ಮಗುವಿಗೆ ಏನು ಮಾಡ್ತೀರೋ ಅದನ್ನೇ ತನ್ನಿ ಅಂತ ಟೀಚರ್ ಹೇಳಿದ್ದರು. ಅಮ್ಮನೂ ಹೊರಟಳು, ಕೈಯಲ್ಲಿ ಸರಿ ಡಬ್ಬಿ. ಮೊದಲು ತೂಕ ಹಾಕಿದರು, ತಾಯಿ ಕಾರ್ಡಿನಲ್ಲಿ ಚುಕ್ಕೆ ಇಟ್ಟರು, ಹಸಿರು ಪಟ್ಟಿಯಲ್ಲೇ ಇದ್ದಳು, ಅಂದರೆ ವಯಸ್ಸಿಗೆ ತಕ್ಕ ತೂಕ. ಆಮೇಲೆ ಟೀಚರ್ ನಮ್ಮ ಡಬ್ಬಿ ತೆಗೆದು, ಒಂದು ಚಮಚ ಸರಿ ತೆಗೆದುಕೊಂಡು, ಎಲ್ಲರಿಗೂ ಕಾಣೋ ಹಾಗೆ ಓರೆ ಮಾಡಿದರು. ಸರ್ರನೆ ಇಳಿದು ಬಿತ್ತು. "ಇದು ನೀರು ಕಣಮ್ಮ. ಚಮಚ ಬಗ್ಗಿಸಿದರೆ ಸುಲಭವಾಗಿ ಜಾರಬಾರದು, ಕಚ್ಚಿಕೊಂಡು ಇರಬೇಕು. ಅದು ಊಟ" ಅಂದರು.

ಅಮ್ಮ ಬಿಡ್ತಾಳಾ? "ಇವಳನ್ನೂ ಇವರಣ್ಣನನ್ನೂ ಹೀಗೇ ಸಾಕಿದ್ದು" ಅಂದಳು. ಟೀಚರ್ ಜಗಳಕ್ಕೆ ಹೋಗಲಿಲ್ಲ. ಮಗುವಿನ ಹೊಟ್ಟೆಯ ಲೆಕ್ಕ ಹೇಳಿದರು. ಏಳು ಕೆಜಿ ಮಗುವಿನ ಹೊಟ್ಟೆ ಒಂದು ಸಲಕ್ಕೆ ಹಿಡಿಸೋದು ಸುಮಾರು 200 ಎಂ.ಎಲ್. ಅಷ್ಟೇ. ಆ ಜಾಗವನ್ನ ನೀರಿನಲ್ಲಿ ತುಂಬಿಸಿದರೆ ಹಸಿವೂ ಹೋಯಿತು, ಹಾಲೂ ಹೋಯಿತು.

ಮನೆಗೆ ಬಂದು ನಾನೂ ಒಂದು ಲೆಕ್ಕ ಹಾಕಿದೆ. ಆರರಿಂದ ಎಂಟು ತಿಂಗಳ ಮಗುವಿಗೆ ಎದೆಹಾಲಿನ ಜೊತೆಗೆ ಊಟದಿಂದ ದಿನಕ್ಕೆ ಸುಮಾರು 200 ಕ್ಯಾಲೊರಿ ಬೇಕು. ಅಮ್ಮನ ತೆಳು ಸರಿಗೆ ಬೀಳುತ್ತಿದ್ದದ್ದು ಎರಡು ಸಣ್ಣ ಚಮಚ ಹಿಟ್ಟು, 25 ಕ್ಯಾಲೊರಿಯಾದರೆ ಹೆಚ್ಚು. ಅದರ ಬದಲು ಒಂದು ಹೊತ್ತಿಗೆ 25 ಗ್ರಾಂ ಹಿಟ್ಟು, ಮೇಲೊಂದು ಸಣ್ಣ ಚಮಚ ತುಪ್ಪ ಹಾಕಿದರೆ 120 ದಾಟುತ್ತೆ, ಎರಡು ಹೊತ್ತಿಗೆ ಸಾಕೋ ಸಾಕು. ಇಲ್ಲೇ ಮೊಳಕೆಯ ಕೈಚಳಕ ಇರೋದು. ಕಾಳು ಮೊಳೆಯುವಾಗ ಅದರಲ್ಲಿ ಹುಟ್ಟೋ ಅಮೈಲೇಸ್ ಅನ್ನೋ ಕಿಣ್ವ ಪಿಷ್ಟವನ್ನು ಒಡೆದು ಹಾಕುತ್ತೆ. ಹಾಗಾಗಿ ಹಿಟ್ಟು ಜಾಸ್ತಿ ಹಾಕಿದರೂ ಸರಿ ಗೋಂದಿನ ಹಾಗೆ ಆಗಲ್ಲ, ಮೆತ್ತಗೆ ನುಂಗೋ ಹಾಗೆ ಇರುತ್ತೆ. ಜಾಸ್ತಿ ಹುರಿದರೆ ಆ ಗುಣ ಹೋಗುತ್ತೆ. ಅಂದರೆ ಅಮ್ಮ ಅಷ್ಟು ಕಷ್ಟಪಟ್ಟು ಮೊಳಕೆ ಬರಿಸಿದ್ದು ಸರಿಗೆ ಹಿಟ್ಟು ಜಾಸ್ತಿ ಹಾಕೋಕೆ ದಾರಿಯಾಗಿತ್ತು, ಅವಳೇ ಅದಕ್ಕೆ ನೀರು ಸುರಿಯುತ್ತಿದ್ದಳು! ಇದನ್ನು ಹೇಳಿದಾಗ ಸುಮ್ನೆ ಕೇಳಿಸಿಕೊಂಡಳು. ಮಾರನೇ ದಿನ ಏನೂ ಹೇಳದೆ ಗಟ್ಟಿ ಮಾಡಿದಳು, ತುಪ್ಪ ಬಿಟ್ಟಳು. ಮಗಳು ಒಂದೆರಡು ಸಲ ಓಕರಿಸಿದಳು. ಕೆಮ್ಮಿ, ಮುಖ ಕೆಂಪಾಗಿ, ತಾನೇ ಸರಿಮಾಡಿಕೊಂಡಳು. ಹೀಗೆ ಜೋರಾಗಿ ಕೆಮ್ಮುತ್ತಿದ್ದರೆ ಸಾಮಾನ್ಯವಾಗಿ ಹೆದರಬೇಕಿಲ್ಲ. ಸದ್ದೇ ಇಲ್ಲದೆ ಉಸಿರು ಕಟ್ಟಿದರೆ ಅಪಾಯ. ಅದಕ್ಕೇ ಕಡಲೆಬೀಜ, ಇಡೀ ದ್ರಾಕ್ಷಿ ಹತ್ತಿರ ಸುಳಿಯೋಕೂ ಬಿಡಲಿಲ್ಲ.

ಹಾಗಂತ ರಾಗಿಯನ್ನೇ ನಂಬಿ ಕೂರೋಕೂ ಆಗಲ್ಲ. ನೂರು ಗ್ರಾಂ ರಾಗಿಯಲ್ಲಿ ಕ್ಯಾಲ್ಸಿಯಂ ಸುಮಾರು 350 ಮಿ.ಗ್ರಾಂ, ಅಕ್ಕಿ ಗೋಧಿ ಹತ್ತಿರವೂ ಬರಲ್ಲ. ಕಬ್ಬಿಣ ಮಾತ್ರ ನಾಲ್ಕೈದು ಮಿ.ಗ್ರಾಂ. ಮಗು ಒಂದು ಹೊತ್ತಿಗೆ ತಿನ್ನೋ 25 ಗ್ರಾಮಿನಲ್ಲಿ ಸಿಗೋದು ಸುಮಾರು ಒಂದು ಮಿ.ಗ್ರಾಂ, ಅದರಲ್ಲೂ ಮೈಗೆ ಹತ್ತೋದು ಸ್ವಲ್ಪವೇ. ಹುಟ್ಟುವಾಗ ಮಗು ತಂದುಕೊಂಡ ಕಬ್ಬಿಣದ ದಾಸ್ತಾನು ಖಾಲಿಯಾಗೋದೂ ಇದೇ ಆರು ತಿಂಗಳ ಹೊತ್ತಿಗೆ. ಅದಕ್ಕೇ ಸರ್ಕಾರದಿಂದ ವಾರಕ್ಕೆ ಎರಡು ಸಲ 1 ಎಂ.ಎಲ್. ಕಬ್ಬಿಣದ ಸಿರಪ್ ಕೊಡೋದು. ಆಶಾ ಕಾರ್ಯಕರ್ತೆ ತಂದುಕೊಟ್ಟರು, ಹಾಕಿದೆ. ಮಲ ಕಪ್ಪಗಾಗುತ್ತೆ, ಅದಕ್ಕೆ ನಿಲ್ಲಿಸಬೇಡಿ ಅಂತ ಮೊದಲೇ ಹೇಳಿದ್ದು ಒಳ್ಳೆಯದಾಯಿತು. ಬೇಳೆ ಅನ್ನಕ್ಕೆ ಸೊಪ್ಪು ಹಾಕಿ ನುಣ್ಣಗೆ ಬೇಯಿಸಿ, ಕೊಡುವ ಮುಂಚೆ ಎರಡು ಹನಿ ನಿಂಬೆರಸ ಹಿಂಡುತ್ತಿದ್ದೆ, ಹುಳಿ ಇದ್ದರೆ ಕಬ್ಬಿಣ ಚೆನ್ನಾಗಿ ಹತ್ತುತ್ತೆ.

ದೊಡ್ಡ ಗಲಾಟೆ ಆಗಿದ್ದು ಹಾಸನದಲ್ಲಿ, ಅತ್ತೆ ಮನೆಗೆ ಹೋದಾಗ. ಮೊಟ್ಟೆ ತಿನ್ನೋ ಮನೆಯೇ. ಆದರೂ "ವರ್ಷ ತುಂಬೋವರೆಗೆ ಮೊಟ್ಟೆ ಬೇಡಮ್ಮ, ಉಷ್ಣ" ಅಂದರು ಅತ್ತೆ. ಅದೇ ಹೊತ್ತಿಗೆ ಮಾವ ಜೇನುತುಪ್ಪದ ಬಾಟಲಿ ಹಿಡಿದು ಬಂದರು, ನಾಲಿಗೆಗೆ ಸವರೋಕೆ. ನಿಜ ಹೇಳಬೇಕೆಂದರೆ ವರ್ಷದವರೆಗೆ ಮುಟ್ಟಬಾರದ್ದು ಜೇನುತುಪ್ಪವನ್ನೇ. ಅದರಲ್ಲಿರಬಹುದಾದ ಬಾಟುಲಿಸಂ ರೋಗಾಣುವಿನ ಬೀಜಕಣವನ್ನು ಎಳೇ ಮಗುವಿನ ಕರುಳು ತಡೆಯಲಾರದು. ಚೆನ್ನಾಗಿ ಬೇಯಿಸಿದ ಮೊಟ್ಟೆಯನ್ನು ಆರು ತಿಂಗಳಿಂದಲೇ ಕೊಡಬಹುದು. ನಾನು ಹೇಳಿದರೆ ನಡೆಯಲ್ಲ ಅಂತ ಗೊತ್ತಿತ್ತು. ಲಸಿಕೆಗೆ ಹೋದ ದಿನ ಅತ್ತೆಯನ್ನೂ ಕರೆದುಕೊಂಡು ಹೋಗಿ ಡಾಕ್ಟರ ಬಾಯಿಂದಲೇ ಹೇಳಿಸಿದೆ. ವಾಪಸ್ ಬರುವಾಗ ಆಟೋದಲ್ಲಿ ಅತ್ತೆ ಕೇಳಿದ್ದು ಒಂದೇ, "ಹಳದಿ ಮಾತ್ರಾನಾ, ಬಿಳಿನೂ ಕೊಡಬಹುದಾ?"

ಈಗ ಮಗಳಿಗೆ ಒಂದೂವರೆ ವರ್ಷ. ತಾತನ ತಟ್ಟೆಯಲ್ಲಿ ಕೈ ಹಾಕಿ ಮುದ್ದೆ ಮುರಿದು, ಸೊಪ್ಪಿನ ಸಾರಲ್ಲಿ ಅದ್ದಿ ನುಂಗುತ್ತಾಳೆ. ಊಟದ ತಂಟೆ ಮುಗಿಯಿತು ಅಂದುಕೊಂಡರೆ ಈಗ ಪಕ್ಕದ ಮನೆ ಅಜ್ಜಿಯ ಸರದಿ. ಸಂಜೆ ಆದರೆ ಸಾಕು, ಟೀಗೆ ಅದ್ದಿದ ಬಿಸ್ಕತ್ತು ಇವಳ ಬಾಯಿಗೆ. ಟೀ ಕುಡಿದರೆ ಕಬ್ಬಿಣ ಹತ್ತಲ್ಲ ಅಜ್ಜಿ, ಬೇಡ ಅಂದೆ. "ಅಯ್ಯೋ, ಕುಡಿಸ್ತಾ ಇಲ್ಲಮ್ಮ, ಬರೀ ವಾಸನೆಗೆ" ಅಂದರು. ಇವಳು ಆಗಲೇ ಎರಡನೇ ಬಿಸ್ಕತ್ತಿಗೆ ಬಾಯಿ ತೆಗೆದಿದ್ದಳು.